ಭಾವ ಹಾರ್ಟ್ ಅಟ್ಯಾಕ್‌ನಲ್ಲಿ ಹೋದರು, ಲಸಿಕೆಯೇ ಕಾರಣವಾ?

ಪ್ರಶ್ನೆ: ಡಾಕ್ಟ್ರೇ, ನಮ್ಮದು ಹಾಸನ ಜಿಲ್ಲೆ. 2025ರ ಜೂನ್‌ನಲ್ಲಿ ನನ್ನ ಅಕ್ಕನ ಗಂಡ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. 41 ವರ್ಷ ಅಷ್ಟೇ. ಲಾರಿ ಓಡಿಸುತ್ತಿದ್ದರು. ಕೋವಿಶೀಲ್ಡ್ ಎರಡು ಡೋಸ್ ಆಗಿತ್ತು, ಅದೂ ಸರ್ಟಿಫಿಕೇಟ್ ಇಲ್ಲದೆ ಕೆಲಸ ಇಲ್ಲ ಅಂದಿದ್ದಕ್ಕೆ ಹಾಕಿಸಿಕೊಂಡಿದ್ದು. ಕಂಪನಿಯವರೇ ಬ್ರಿಟನ್ ಕೋರ್ಟಿನಲ್ಲಿ ಸೈಡ್ ಎಫೆಕ್ಟ್ ಒಪ್ಪಿಕೊಂಡಿದ್ದಾರಂತೆ. ಭಾವನ ತಮ್ಮ ಈಗ ರಕ್ತದಿಂದ ಲಸಿಕೆ ತೆಗೆಯುತ್ತೆ ಅಂತ ಯಾವುದೋ ಪುಡಿ ತರಿಸಿ ಕುಡಿಯುತ್ತಿದ್ದಾನೆ. ನನ್ನ ಅಮ್ಮನಿಗೆ 68, ಶುಗರ್ ಇದೆ, ಇನ್ನು ಯಾವ ಇಂಜೆಕ್ಷನ್ನೂ ಬೇಡ ಅಂತಾರೆ. ಸರ್ಕಾರದವರೇ ಒಬ್ಬರು ಹೌದು ಅಂತಾರೆ, ಒಬ್ಬರು ಇಲ್ಲ ಅಂತಾರೆ. ಯಾರನ್ನ ನಂಬೋದು?

ಉತ್ತರ: ನಿಮ್ಮ ಅಕ್ಕನ ಮನೆಯ ಕಷ್ಟ ಓದಿ ಬೇಜಾರಾಯಿತು. ಸುತ್ತಿ ಬಳಸಿ ಹೇಳುವುದಿಲ್ಲ. 2021ರಲ್ಲಿ ಹಾಕಿಸಿಕೊಂಡ ಕೋವಿಶೀಲ್ಡ್‌ನಿಂದ 2025ರ ಜೂನ್‌ನಲ್ಲಿ ಹೃದಯಾಘಾತ ಆಯಿತು ಅನ್ನುವುದಕ್ಕೆ ಇವತ್ತಿನವರೆಗೆ ಯಾವ ಆಧಾರವೂ ಸಿಕ್ಕಿಲ್ಲ. ಆದರೆ ನಿಮ್ಮ ಅನುಮಾನ ಮೂರ್ಖತನದ್ದೇನಲ್ಲ. ಆ ಅನುಮಾನ ಹುಟ್ಟುವ ಹಾಗೆ ನಡೆದುಕೊಂಡವರು ಬಹಳ ಜನ ಇದ್ದಾರೆ, ಅದರಲ್ಲಿ ನಮ್ಮ ವೈದ್ಯರ ಕಡೆಯವರೂ ಸೇರಿದ್ದಾರೆ. ಎರಡನ್ನೂ ಹೇಳುತ್ತೇನೆ.

ಮೊದಲು ಹಾಸನದ ಕಥೆ. 2025ರ ಮೇ, ಜೂನ್‌ನಲ್ಲಿ ಸುಮಾರು 40 ದಿನಗಳಲ್ಲಿ ಜಿಲ್ಲೆಯಲ್ಲಿ 20ಕ್ಕಿಂತ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಅಂತ ಸುದ್ದಿಯಾಯಿತು. ಟಿವಿಯವರು ದಿನಾ ಸಾವು ಎಣಿಸತೊಡಗಿದರು. ಜುಲೈ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು, ಲಸಿಕೆಗೆ ತರಾತುರಿಯಲ್ಲಿ ಅನುಮತಿ ಕೊಟ್ಟಿದ್ದೂ ಇದಕ್ಕೆ ಒಂದು ಕಾರಣ ಆಗಿರಬಹುದು ಎನ್ನುವ ಅರ್ಥದ ಮಾತು ಬರೆದರು. ಮರುದಿನವೇ ಕೇಂದ್ರ ಆರೋಗ್ಯ ಇಲಾಖೆ, ಅಂಥ ಸಂಬಂಧ ಇಲ್ಲ ಎಂದಿತು. ಬಯೋಕಾನ್ ಔಷಧ ಕಂಪನಿಯ ಕಿರಣ್ ಮಜುಂದಾರ್ ಶಾ ಅವರೂ ಮುಖ್ಯಮಂತ್ರಿ ಹೇಳಿದ್ದು ತಪ್ಪು ಎಂದರು. ಈ ಜಗಳದ ನಡುವೆ ಜನ ಹೆದರಿ ಬೆಂಗಳೂರು, ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಸಾಲುಗಟ್ಟಿದರು. ನೀವು ಒಬ್ಬರು ಹೌದು, ಒಬ್ಬರು ಇಲ್ಲ ಅಂದಿದ್ದು ಇದನ್ನೇ ಇರಬೇಕು.

ಆಮೇಲೆ ಬಂದ ವರದಿ ಅಷ್ಟು ಸುದ್ದಿಯಾಗಲಿಲ್ಲ. ಜಯದೇವದ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ರಾಜ್ಯ ಸರ್ಕಾರವೇ ಮಾಡಿದ್ದ ಸಮಿತಿ ಅದು. ಜಯದೇವಕ್ಕೆ ಬಂದ 45 ವರ್ಷದೊಳಗಿನ 251 ಹೃದಯ ರೋಗಿಗಳನ್ನು ಅವರು ನೋಡಿದರು. ಕೋವಿಡ್ ಬಂದಿದ್ದಕ್ಕೂ, ಲಸಿಕೆ ತಗೊಂಡಿದ್ದಕ್ಕೂ, ಈ ಕಾಯಿಲೆಗೂ ನಂಟು ಕಾಣಲಿಲ್ಲ ಎಂದರು. ಕಂಡಿದ್ದು ಏನಪ್ಪಾ ಅಂದರೆ ಬೀಡಿ ಸಿಗರೇಟು, ಬಿಪಿ, ಶುಗರ್, ಕೊಲೆಸ್ಟ್ರಾಲ್, ಮನೆತನದಲ್ಲೇ ಇರುವ ಹೃದಯ ಕಾಯಿಲೆ. 251 ಜನರಲ್ಲಿ 111 ಜನ ಸಿಗರೇಟು ಸೇದುವವರು. ಈ ಅಧ್ಯಯನ ಚಿಕ್ಕದು. ಕಾಯಿಲೆ ಇಲ್ಲದವರ ಜೊತೆ ಹೋಲಿಸಿ ನೋಡುವ ಕೆಲಸ ಅದರಲ್ಲಿ ಇರಲಿಲ್ಲ. ಹಾಗಾಗಿ ಇದೊಂದನ್ನೇ ಹಿಡಿದು ನಾನು ವಾದ ಮಾಡುವುದಿಲ್ಲ.

ಹೋಲಿಸಿ ನೋಡಿದ ದೊಡ್ಡ ಅಧ್ಯಯನ ಐಸಿಎಂಆರ್‌ನದು, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯದು. 19 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 47 ದೊಡ್ಡ ಆಸ್ಪತ್ರೆಗಳಲ್ಲಿ ಮಾಡಿದ್ದು. 2021ರ ಅಕ್ಟೋಬರ್‌ನಿಂದ 2023ರ ಮಾರ್ಚ್‌ವರೆಗೆ, ಚೆನ್ನಾಗೇ ಇದ್ದು ದಿಢೀರ್ ಅಂತ ಸತ್ತ 18ರಿಂದ 45 ವರ್ಷದ 729 ಜನರ ವಿವರ ತೆಗೆದರು. ಅದೇ ವಯಸ್ಸಿನ, ಅದೇ ಸುತ್ತಮುತ್ತಲಿನ, ಬದುಕಿರುವ 2916 ಜನರನ್ನೂ ಅದೇ ಪ್ರಶ್ನೆ ಕೇಳಿದರು. ಲಸಿಕೆಯೇ ಕೊಲ್ಲುತ್ತಿದ್ದರೆ ಸತ್ತವರಲ್ಲಿ ಲಸಿಕೆ ತಗೊಂಡವರು ಜಾಸ್ತಿ ಇರಬೇಕಿತ್ತು, ಅಲ್ವಾ? ಉಲ್ಟಾ ಬಂತು. ಎರಡು ಡೋಸ್ ಆದವರಲ್ಲಿ ದಿಢೀರ್ ಸಾವು ಕಡಿಮೆ. ಹಿಂದೆ ಕೋವಿಡ್ ಬಂದು ಆಸ್ಪತ್ರೆ ಸೇರಿದ್ದವರಲ್ಲಿ ಸುಮಾರು ನಾಲ್ಕು ಪಟ್ಟು ಜಾಸ್ತಿ. ಸಾಯುವ ಮುಂಚಿನ 48 ಗಂಟೆಯಲ್ಲಿ ಮಿತಿಮೀರಿ ಕುಡಿದವರಲ್ಲಿ ಸುಮಾರು ಐದು ಪಟ್ಟು. ಅದೇ ಸಮಯದಲ್ಲಿ ಮೈಮುರಿಯುವಷ್ಟು ಶ್ರಮದ ಕೆಲಸ, ವ್ಯಾಯಾಮ ಮಾಡಿದವರಲ್ಲೂ, ಮನೆಯಲ್ಲಿ ಹಿಂದೆ ಯಾರಾದರೂ ಹೀಗೆ ಹೋಗಿದ್ದವರಲ್ಲೂ ಅಪಾಯ ಜಾಸ್ತಿ. ಹಾಗಂತ ಲಸಿಕೆ ಹಾರ್ಟ್ ಅಟ್ಯಾಕ್ ತಡೆಯುತ್ತೆ ಅಂತ ಯಾರಾದರೂ ಹೇಳಿದರೆ ಅದನ್ನೂ ನಂಬಬೇಡಿ. ಮೊದಲೇ ಸುಸ್ತಾಗಿದ್ದವರು, ಕಾಯಿಲೆಯವರು ಲಸಿಕೆ ಕೇಂದ್ರಕ್ಕೆ ಹೋಗದೇ ಇದ್ದಿರಬಹುದು, ಅದರಿಂದಲೂ ಲೆಕ್ಕ ಸ್ವಲ್ಪ ಆ ಕಡೆ ವಾಲುತ್ತದೆ.

ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಅಂತಾರಲ್ಲ, ಇಲ್ಲಿ ಆಗಿದ್ದು ಅದೇ, ಆದರೆ ಇಲ್ಲಿ ಕಾಗೆ ಎಲ್ಲ ಕೊಂಬೆ ಮೇಲೂ ಕೂತಿತ್ತು. ನಮ್ಮ ರಾಜ್ಯದಲ್ಲಿ ವಯಸ್ಕರೆಲ್ಲ ಹೆಚ್ಚುಕಡಿಮೆ ಲಸಿಕೆ ತಗೊಂಡವರೇ. ಕೋವಿಡ್‌ಗೆ ಮುಂಚೆಯೂ ಕರ್ನಾಟಕದಲ್ಲಿ ವರ್ಷಕ್ಕೆ ಸುಮಾರು 5 ಲಕ್ಷ ಸಾವು ನೋಂದಣಿ ಆಗುತ್ತಿದ್ದವು. ಇವತ್ತು ಯಾರು ಹೃದಯಾಘಾತದಿಂದ ಸತ್ತರೂ, ಬೈಕಿನಿಂದ ಬಿದ್ದು ಸತ್ತರೂ, ಅವರ ಫೋನಿನಲ್ಲಿ ಲಸಿಕೆ ಸರ್ಟಿಫಿಕೇಟ್ ಇದ್ದೇ ಇರುತ್ತದೆ.

ಚಿಕ್ಕ ವಯಸ್ಸಿನವರು ಮುಂಚೆ ಹೀಗೆ ಸಾಯುತ್ತಿರಲಿಲ್ಲ ಅಂತ ನೀವು ಕೇಳಬಹುದು. ಸಾಯುತ್ತಿದ್ದರು. ನಮ್ಮ ದೇಶದವರಿಗೆ ಹೃದಯ ಕಾಯಿಲೆ ಪಶ್ಚಿಮದ ದೇಶದವರಿಗಿಂತ ಸುಮಾರು 10 ವರ್ಷ ಮೊದಲೇ ಬರುತ್ತೆ ಅನ್ನುವುದು ವೈದ್ಯರಿಗೆ ಹಳೆಯ ಸಂಗತಿ. ಜಯದೇವದಲ್ಲಿ 40 ವರ್ಷದೊಳಗಿನ ಹೃದಯ ರೋಗಿಗಳದ್ದೇ ಪ್ರತ್ಯೇಕ ನೋಂದಣಿ ಶುರುವಾಗಿದ್ದು 2017ರಲ್ಲಿ. ಆಗ ಕೊರೊನಾ ಅನ್ನುವ ಹೆಸರೇ ಜನರಿಗೆ ಗೊತ್ತಿರಲಿಲ್ಲ, ಲಸಿಕೆ ದೂರದ ಮಾತು. ಆಗಲೇ ಚಿಕ್ಕವರು ಅಷ್ಟು ಜನ ಬರುತ್ತಿದ್ದರಿಂದ ತಾನೇ ಆ ನೋಂದಣಿ ಬೇಕಾಯಿತು? 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೇ ಹೋದ ಮೇಲೆ ನಮ್ಮ ಜನರ ಕಣ್ಣು ಈ ಸಾವುಗಳ ಮೇಲೆ ಬಿತ್ತು. ಅದಕ್ಕೆ ಮುಂಚೆ ಊರಲ್ಲಿ ಯಾರೋ ಹೋದರೆ ಆ ಊರಿಗಷ್ಟೇ ಗೊತ್ತಾಗುತ್ತಿತ್ತು. ಈಗ ಜಿಮ್‌ನ ಸಿಸಿಟಿವಿ ವಿಡಿಯೋ ಸಂಜೆಯೊಳಗೆ ಎಲ್ಲರ ಫೋನಿಗೂ ಬಂದಿರುತ್ತದೆ.

ಇನ್ನು ಕೋರ್ಟಿನ ವಿಷಯ. ಕೋವಿಶೀಲ್ಡ್ ಅಂದರೆ ಆಸ್ಟ್ರಾಜೆನೆಕಾ ಲಸಿಕೆಯೇ, ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ಇಲ್ಲಿ ತಯಾರಿಸಿತು. ತೀರಾ ಅಪರೂಪಕ್ಕೆ ಟಿಟಿಎಸ್ ಎಂಬ, ರಕ್ತ ಹೆಪ್ಪುಗಟ್ಟುವ ತೊಂದರೆ ಈ ಲಸಿಕೆಯಿಂದ ಆಗಬಹುದು ಎಂದು ಕಂಪನಿ ಬ್ರಿಟನ್ ಕೋರ್ಟಿಗೆ ಕೊಟ್ಟ ಕಾಗದದಲ್ಲಿ ಒಪ್ಪಿಕೊಂಡಿದ್ದು ನಿಜ. ಅದು 2024ರ ಏಪ್ರಿಲ್‌ನಲ್ಲಿ ಸುದ್ದಿಯಾಯಿತು, ಬಚ್ಚಿಟ್ಟ ಗುಟ್ಟು ಬಯಲಾಯಿತು ಅನ್ನುವ ಹಾಗೆ ಹರಡಿತು. ಗುಟ್ಟೇನೂ ಆಗಿರಲಿಲ್ಲ. 2021ರ ಏಪ್ರಿಲ್ 7ರಂದೇ ಯುರೋಪಿನ ಔಷಧ ಸಂಸ್ಥೆ ಇದನ್ನು ಅಪರೂಪದ ಅಡ್ಡ ಪರಿಣಾಮ ಎಂದು ಹೇಳಿತ್ತು. ಬ್ರಿಟನ್ ಅದೇ ದಿನ 30 ವರ್ಷದೊಳಗಿನವರಿಗೆ ಬೇರೆ ಲಸಿಕೆ ಕೊಡಿ ಎಂದಿತು, ಮುಂದಿನ ತಿಂಗಳು ಅದನ್ನು 40 ವರ್ಷಕ್ಕೆ ಏರಿಸಿತು. ಡೆನ್ಮಾರ್ಕ್ ಪೂರ್ತಿ ನಿಲ್ಲಿಸಿಬಿಟ್ಟಿತು. ನಮ್ಮ ಕೇಂದ್ರ ಸರ್ಕಾರವೂ 2021ರ ಮೇ 17ರಂದು ಹೇಳಿಕೆ ಕೊಟ್ಟಿತ್ತು: ಕೋವಿಶೀಲ್ಡ್ ನಂತರ ರಕ್ತ ಹೆಪ್ಪುಗಟ್ಟಿರಬಹುದಾದ 26 ಪ್ರಕರಣ ಸಿಕ್ಕಿವೆ, 10 ಲಕ್ಷ ಡೋಸಿಗೆ 0.61ರ ಲೆಕ್ಕ ಅಂತ. ಬ್ರಿಟನ್‌ನಲ್ಲಿ ಇದು 10 ಲಕ್ಷಕ್ಕೆ 4, ಜರ್ಮನಿಯಲ್ಲಿ 10 ಎಂದೂ ಅದರಲ್ಲೇ ಇತ್ತು. ನಮ್ಮ ಜನರಲ್ಲಿ ಈ ತೊಂದರೆ ಸಹಜವಾಗಿಯೇ ಕಡಿಮೆ ಇರಬಹುದು. ಆದರೂ ಆ 0.61 ಪೂರ್ತಿ ಲೆಕ್ಕ ಎಂದು ನನಗೆ ಅನ್ನಿಸುವುದಿಲ್ಲ. ಆ ಮೇ ತಿಂಗಳಲ್ಲಿ ದಿನಕ್ಕೆ 4 ಲಕ್ಷ ಹೊಸ ಕೇಸು ಬರುತ್ತಿದ್ದವು, ಹಳ್ಳಿಯಲ್ಲಿ ಯಾರಿಗೋ ತಲೆನೋವು ಬಂದು ಸತ್ತರೆ ಅದು ಮೆದುಳಿನ ರಕ್ತ ಹೆಪ್ಪುಗಟ್ಟಿದ್ದಾ ಅಂತ ಸ್ಕ್ಯಾನ್ ಮಾಡಿ ನೋಡುವವರು ಯಾರಿದ್ದರು?

ಈಗ ಮುಖ್ಯ ಮಾತು. ಟಿಟಿಎಸ್ ಬೇರೆ, ನಿಮ್ಮ ಭಾವನಿಗೆ ಆದ ಹೃದಯಾಘಾತ ಬೇರೆ. ಟಿಟಿಎಸ್‌ನಲ್ಲಿ ದೇಹ ತನ್ನದೇ ರಕ್ತದ ಒಂದು ಅಂಶದ ಮೇಲೆ ತಿರುಗಿ ಬೀಳುತ್ತದೆ. ಪ್ಲೇಟ್‌ಲೆಟ್ ಕಡಿಮೆಯಾಗುತ್ತವೆ, ಜೊತೆಗೆ ರಕ್ತ ಹೆಪ್ಪುಗಟ್ಟುತ್ತದೆ, ಹೆಚ್ಚಾಗಿ ಮೆದುಳಿನ ಅಥವಾ ಹೊಟ್ಟೆಯ ರಕ್ತನಾಳಗಳಲ್ಲಿ. ಲಸಿಕೆ ಹಾಕಿಸಿಕೊಂಡ ಸುಮಾರು 4ರಿಂದ 42 ದಿನದೊಳಗೆ ಆಗುತ್ತದೆ, ಬಹುತೇಕ ಮೊದಲ ಡೋಸ್ ಆದ ಮೇಲೆ. ಹೃದಯಾಘಾತ ಹಾಗಲ್ಲ. ಹೃದಯದ ರಕ್ತನಾಳದ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿಕೊಂಡು ಬಂದು, ಒಂದು ದಿನ ಆ ಪದರ ಬಿರಿದು, ಅಲ್ಲಿ ರಕ್ತ ಗಡ್ಡೆಕಟ್ಟಿ ದಾರಿ ಮುಚ್ಚಿಕೊಳ್ಳುತ್ತದೆ. 41ಕ್ಕೆ ಬಿರಿಯುವ ಪದರ 30ರ ಆಸುಪಾಸಿನಲ್ಲೇ ಕಟ್ಟೋಕೆ ಶುರುವಾಗಿರುತ್ತದೆ. ಲಾರಿ ಓಡಿಸುವವರ ದಿನ ಹೇಗಿರುತ್ತೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು: ನಿದ್ದೆ ಇಲ್ಲ, ಕೂತಲ್ಲೇ ಕೂತು, ಡಾಬಾ ಊಟ, ನಿದ್ದೆ ತಡೆಯೋಕೆ ಸಿಗರೇಟು ಗುಟ್ಕಾ. ಭಾವನಿಗೆ ಈ ಅಭ್ಯಾಸ ಇತ್ತು ಅಂತ ನಾನು ಹೇಳುತ್ತಿಲ್ಲ. ಅವರ ಬಿಪಿ, ಶುಗರ್ ಯಾರಾದರೂ ಒಮ್ಮೆಯಾದರೂ ನೋಡಿದ್ದರಾ ಅಂತ ಕೇಳುತ್ತಿದ್ದೇನೆ.

ಇನ್ನೊಂದು ಗೊಂದಲ. ವಾಟ್ಸಾಪ್‌ನಲ್ಲಿ ಅಮೆರಿಕದ ವಿಡಿಯೋಗಳು ಬರುತ್ತವಲ್ಲ, ಲಸಿಕೆಯಿಂದ ಹೃದಯದ ಸ್ನಾಯು ಊದಿಕೊಂಡಿತು ಅಂತ, ಅದರಲ್ಲಿ ಹುರುಳಿದೆ. ಆದರೆ ಅದು ಫೈಜರ್, ಮಾಡರ್ನಾ ಲಸಿಕೆಗಳ ಮಾತು. ಹೆಚ್ಚಾಗಿ ಹರೆಯದ ಗಂಡು ಹುಡುಗರಿಗೆ, ಎರಡನೇ ಡೋಸ್ ಆದ ಒಂದು ವಾರದೊಳಗೆ, ಅದೂ ಅಪರೂಪಕ್ಕೆ. ನಿಮಗೆ ಅಮೆರಿಕದಲ್ಲಿ ನೆಂಟರಿದ್ದರೆ ಅವರ ಮಗನಿಗೆ ಆ ಮಾತು ಅನ್ವಯಿಸಬಹುದಿತ್ತು. ನಮ್ಮಲ್ಲಿ ಹಾಕಿದ್ದು ಮುಖ್ಯವಾಗಿ ಕೋವಿಶೀಲ್ಡ್, ಕೋವ್ಯಾಕ್ಸಿನ್. ಎಲ್ಲ ಲಸಿಕೆಗಳ ಎಲ್ಲ ತೊಂದರೆಗಳನ್ನೂ ಒಂದೇ ಚೀಲಕ್ಕೆ ತುಂಬಿ ನಮ್ಮ ತಲೆ ಮೇಲೆ ಸುರಿದಿದ್ದಾರೆ.

ಇಷ್ಟೆಲ್ಲ ಹೇಳಿದ ಮೇಲೆ ನಿಮ್ಮ ಸಿಟ್ಟಿನ ಕಡೆಗೆ ಬರುತ್ತೇನೆ. ಲಸಿಕೆ ಕೊಂದಿತಾ ಅನ್ನುವುದು ಒಂದು ಪ್ರಶ್ನೆ. ಬಲವಂತ ಮಾಡಿದ್ದು ಸರಿಯಾ ಅನ್ನುವುದು ಬೇರೆಯೇ ಪ್ರಶ್ನೆ. ಮೊದಲನೆಯದಕ್ಕೆ ಇಲ್ಲ ಅಂದವರು ಎರಡನೆಯದಕ್ಕೂ ಸರ್ಕಾರದ ಪರ ನಿಲ್ಲಬೇಕು ಅಂತೇನಿಲ್ಲ. ನಾನಂತೂ ನಿಲ್ಲುವುದಿಲ್ಲ. 2021ರ ಡಿಸೆಂಬರ್ 2ರಂದು ದೇಶದ ಮೊದಲ ಓಮಿಕ್ರಾನ್ ಬೆಂಗಳೂರಿನಲ್ಲಿ ಸಿಕ್ಕಿತು ಎಂದರು, ಮರುದಿನವೇ ನಮ್ಮ ರಾಜ್ಯ ಸರ್ಕಾರ ಮಾಲ್, ಚಿತ್ರಮಂದಿರಕ್ಕೆ ಎರಡು ಡೋಸ್ ಕಡ್ಡಾಯ ಮಾಡಿತು, ಶಾಲೆಗೆ ಹೋಗುವ ಮಕ್ಕಳ ಅಪ್ಪ ಅಮ್ಮನಿಗೂ ಕಡ್ಡಾಯ ಎಂದಿತು. ಓಮಿಕ್ರಾನ್ ಹರಡುವುದನ್ನು ಈ ಲಸಿಕೆ ಹೆಚ್ಚೇನೂ ತಡೆಯಲಿಲ್ಲ. ತಗೊಂಡವರು ತೀವ್ರವಾಗಿ ಕಾಯಿಲೆ ಬಿದ್ದು ಸಾಯದಂತೆ ತಡೆಯಿತು, ಅದು ದೊಡ್ಡ ಉಪಕಾರವೇ. ಆದರೆ ಲಾಭ ಮುಖ್ಯವಾಗಿ ತಗೊಂಡವರಿಗೇ ಆದರೆ, ಪಕ್ಕದವರಿಗೋಸ್ಕರ ನೀವು ತಗೊಳ್ಳಲೇಬೇಕು ಅನ್ನುವ ವಾದ ಕುಂಟುತ್ತದೆ. ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೆಚ್ಚುಕಡಿಮೆ ಇದನ್ನೇ ಹೇಳಿತು. ಲಸಿಕೆ ನೀತಿ ತಪ್ಪಲ್ಲ, ಆದರೆ ಯಾರಿಗೂ ಬಲವಂತವಾಗಿ ಹಾಕುವಂತಿಲ್ಲ, ಸೋಂಕು ಕಡಿಮೆ ಇರುವಾಗ ತಗೊಳ್ಳದವರನ್ನು ಸಾರ್ವಜನಿಕ ಜಾಗಗಳಿಂದ ಹೊರಗಿಡುವುದು ಸರಿಯಲ್ಲ, ಅಡ್ಡ ಪರಿಣಾಮಗಳ ವಿವರವನ್ನು ಜನರ ಮುಂದೆ ಇಡಿ ಎಂದಿತು. ಅದೇ ವರ್ಷ ಕೇಂದ್ರ ಸರ್ಕಾರ ಇನ್ನೊಂದು ಪ್ರಕರಣದಲ್ಲಿ, ಲಸಿಕೆ ಸ್ವಇಚ್ಛೆಯದ್ದು, ಹಾಗಾಗಿ ಅದರಿಂದಾದ ಸಾವಿಗೆ ನಾವು ಹೊಣೆಯಲ್ಲ ಎಂದು ಅದೇ ಕೋರ್ಟಿಗೆ ಹೇಳಿತು. ಕೆಲಸದ ಜಾಗದಲ್ಲಿ ಸರ್ಟಿಫಿಕೇಟ್ ಕೇಳಿಸಿಕೊಂಡವರಿಗೆ ಈ ಮಾತು ಕೇಳಿ ಹೇಗಾಗಬೇಡ?

ನಂಬಿಕೆ ಹೋಗಿದ್ದು ಲಸಿಕೆ ಒಂದರಿಂದ ಅಲ್ಲ. ಕೋವ್ಯಾಕ್ಸಿನ್‌ಗೆ 2021ರ ಜನವರಿ 3ರಂದು ಅನುಮತಿ ಕೊಟ್ಟಾಗ ಮೂರನೇ ಹಂತದ ಪ್ರಯೋಗದ ಫಲಿತಾಂಶ ಕೈಯಲ್ಲಿ ಇರಲಿಲ್ಲ. ಆಮೇಲೆ ಫಲಿತಾಂಶ ಬಂತು, 77.8 ಶೇಕಡಾ ಪರಿಣಾಮ ಅಂತ, ಚೆನ್ನಾಗೇ ಇತ್ತು. ಆದರೆ ಮುಂಚೆ ಮುದ್ರೆ ಒತ್ತಿ ಆಮೇಲೆ ಪುರಾವೆ ತೋರಿಸಿದರೆ ಜನ ಏನಂದುಕೊಳ್ಳಬೇಕು? ತರಾತುರಿ ಎಂಬ ಮಾತಿಗೆ ಇಷ್ಟು ನೆಲೆ ಇದೆ, ಹೃದಯಾಘಾತಕ್ಕೆ ಅದನ್ನು ತಗಲುಹಾಕುವುದಕ್ಕೆ ಇಲ್ಲ. 2020ರ ಡಿಸೆಂಬರ್‌ನಲ್ಲಿ ರಾತ್ರಿ ಕರ್ಫ್ಯೂ ಅಂದರು, ಶುರುವಾಗುವ ದಿನವೇ ವಾಪಸ್ ತಗೊಂಡರು. ಬಾರುಗಳು 2020ರ ಸೆಪ್ಟೆಂಬರ್‌ನಲ್ಲೇ ತೆರೆದವು, ಒಂದರಿಂದ ಐದನೇ ಕ್ಲಾಸಿನ ಮಕ್ಕಳಿಗೆ ಶಾಲೆ ತೆರೆದಿದ್ದು 2021ರ ಅಕ್ಟೋಬರ್ 25ಕ್ಕೆ. ಇದಕ್ಕೆ ಯಾವ ವಿಜ್ಞಾನವೂ ಇರಲಿಲ್ಲ, ಆ ಮಕ್ಕಳು ಕಳೆದುಕೊಂಡ ಓದು ಇವತ್ತಿಗೂ ಮೇಷ್ಟ್ರುಗಳಿಗೆ ತಲೆನೋವು. 2022ರ ಜನವರಿಯಲ್ಲಿ ಅಂಗಡಿಯವರಿಗೆ ವಾರಾಂತ್ಯದ ಕರ್ಫ್ಯೂ, ಅದೇ ಹೊತ್ತಿಗೆ ಮೇಕೆದಾಟು ಪಾದಯಾತ್ರೆ. ಅದಕ್ಕೂ ಹಿಂದಿನ ವರ್ಷ ಎರಡನೇ ಅಲೆ ಏಳುತ್ತಿದ್ದಾಗ ಬಂಗಾಳದಲ್ಲಿ ಚುನಾವಣೆಯ ಭಾರೀ ಸಭೆಗಳು, ಹರಿದ್ವಾರದಲ್ಲಿ ಕುಂಭಮೇಳ. ಯಾವ ಪಕ್ಷಕ್ಕೂ ಇಲ್ಲಿ ಬೆರಳು ತೋರಿಸುವ ಯೋಗ್ಯತೆ ಇಲ್ಲ. ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ಆ ರಾತ್ರಿ 24 ಜನ ಸತ್ತಿದ್ದು ಕೂಡ ಅದೇ ಅಲೆಯಲ್ಲಿ. 2020 ಮತ್ತು 21ರಲ್ಲಿ ದೇಶದಲ್ಲಿ ಮಾಮೂಲಿಗಿಂತ 47 ಲಕ್ಷ ಸಾವು ಜಾಸ್ತಿ ಆಗಿರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು, ನಮ್ಮ ಸರ್ಕಾರದ ಲೆಕ್ಕ 5 ಲಕ್ಷವೂ ಇರಲಿಲ್ಲ, ಅಂದಾಜಿನ ವಿಧಾನವೇ ಸರಿಯಿಲ್ಲ ಎಂದು ಸರ್ಕಾರ ವಾದಿಸಿತು. ಮನೆಯಲ್ಲಿ ಸತ್ತವರನ್ನು ಎಣಿಸದೇ ಇದ್ದವರು ಲಸಿಕೆಯಿಂದ ಸತ್ತವರನ್ನು ಮಾತ್ರ ಸರಿಯಾಗಿ ಎಣಿಸಿದ್ದಾರೆ ಅಂತ ಹೇಗೆ ನಂಬೋದು ಅಂತ ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆ. ಅದಕ್ಕೇ ನಾನು ಸರ್ಕಾರದ ಎಣಿಕೆಯನ್ನು ನಂಬಿ ಎನ್ನುತ್ತಿಲ್ಲ. ಸತ್ತವರನ್ನೂ ಬದುಕಿದವರನ್ನೂ ಪಕ್ಕಪಕ್ಕ ಇಟ್ಟು ನೋಡಿದ ಅಧ್ಯಯನವನ್ನು ನೋಡಿ ಎನ್ನುತ್ತಿದ್ದೇನೆ. ಇದೇ ಲಸಿಕೆಯನ್ನು ಕೋಟ್ಯಂತರ ಜನಕ್ಕೆ ಹಾಕಿ, ತೊಂದರೆ ಕಂಡ ಕೂಡಲೇ ಚಿಕ್ಕವರಿಗೆ ನಿಲ್ಲಿಸಿದ ದೇಶಗಳೂ, ವರ್ಷಗಳ ನಂತರ ಹೃದಯಾಘಾತ ಹೆಚ್ಚಿಸುತ್ತೆ ಅಂತ ಹೇಳಿಲ್ಲ.

ಅಮ್ಮನ ವಿಷಯ. ವೈರಸ್ ಎಲ್ಲೂ ಹೋಗಿಲ್ಲ. 2023ರ ಮೇ 5ರಂದು ತುರ್ತು ಪರಿಸ್ಥಿತಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದಕ್ಕೆ ವೈರಸ್ ಮುಗಿಯಿತು ಅಂತ ಅರ್ಥ ಅಲ್ಲ. 2025ರ ಮೇ ತಿಂಗಳಲ್ಲಿ ಮತ್ತೆ ಕೇಸು ಏರಿದಾಗ, ಜ್ವರ ಕೆಮ್ಮು ಇರುವ ಮಕ್ಕಳನ್ನು ಶಾಲೆಗೆ ಕಳಿಸಬೇಡಿ ಎಂದು ನಮ್ಮ ಸರ್ಕಾರ ಸುತ್ತೋಲೆ ಹೊರಡಿಸಿತಲ್ಲ, ಅದು ಸರಿಯಾದ ಕ್ರಮ. ಬಾಗಿಲು ಹಾಕಿಸಲಿಲ್ಲ, ಯಾರನ್ನೂ ಹೆದರಿಸಲಿಲ್ಲ. ಈಗ ಬಹುತೇಕ ಎಲ್ಲರ ಮೈಯಲ್ಲೂ ಲಸಿಕೆಯಿಂದಲೋ, ಸೋಂಕಿನಿಂದಲೋ, ಎರಡರಿಂದಲೋ ಒಂದಿಷ್ಟು ರಕ್ಷಣೆ ಇದೆ. ನಿಮಗೋ ನಿಮ್ಮ ಅಕ್ಕನಿಗೋ ಇನ್ನೊಂದು ಡೋಸ್ ಹಾಕಿಸಿಕೊಳ್ಳಿ ಅಂತ ನಾನು ಒತ್ತಾಯ ಮಾಡುವುದಿಲ್ಲ. ಆದರೆ 68 ವರ್ಷ, ಜೊತೆಗೆ ಶುಗರ್ ಅಂದರೆ ಲೆಕ್ಕ ಬೇರೆ. ಕೋವಿಡ್ ಡೋಸ್ ಬೇಕಾ ಬೇಡವಾ ಅಂತ ಅವರನ್ನು ನೋಡುವ ಡಾಕ್ಟರ ಹತ್ತಿರ ಕೇಳಿ. ವರ್ಷಕ್ಕೊಮ್ಮೆಯ ಫ್ಲೂ ಇಂಜೆಕ್ಷನ್, ನ್ಯುಮೋನಿಯಾ ಇಂಜೆಕ್ಷನ್ ಬಗ್ಗೆಯೂ ಆಗಲೇ ಕೇಳಿಬಿಡಿ, ಆ ವಯಸ್ಸಿನ ಶುಗರ್ ರೋಗಿಗೆ ಅವು ನಿಜವಾಗಿ ಕೆಲಸಕ್ಕೆ ಬರುತ್ತವೆ. ಬೇಡ ಅಂದರೆ ಜಗಳ ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ನೆಗಡಿ ಜ್ವರ ಇದ್ದರೆ ಅಮ್ಮನ ರೂಮಿಗೆ ಹೋಗುವಾಗ ಮಾಸ್ಕ್ ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಅವರಿಗೂ ಹಾಕಿಸಿ. ಶುಗರ್ ಹಿಡಿತದಲ್ಲಿರಲಿ.

ನನಗೆ ಜಾಸ್ತಿ ಚಿಂತೆ ಆಗಿದ್ದು ಭಾವನ ತಮ್ಮನ ಬಗ್ಗೆ. ಆ ಪುಡಿ ಇವತ್ತೇ ನಿಲ್ಲಿಸಲಿ. ವರ್ಷಗಳ ಹಿಂದಿನ ಲಸಿಕೆ ರಕ್ತದಲ್ಲಿ ಉಳಿದಿಲ್ಲ, ಕೋವಿಶೀಲ್ಡ್‌ನಲ್ಲಿದ್ದ ವೈರಸ್ ದೇಹದಲ್ಲಿ ಬೆಳೆಯದ ಹಾಗೆ ಮಾಡಿದ್ದದ್ದು, ಅದು ಆಗಲೇ ಹೋಗಿಬಿಟ್ಟಿದೆ. ತೆಗೆಯೋಕೆ ಅಲ್ಲಿ ಏನೂ ಇಲ್ಲ. ಹೆಸರು ದಿಕ್ಕು ಇಲ್ಲದ ಪುಡಿಗಳಲ್ಲಿ ಕಿಡ್ನಿ, ಲಿವರ್ ಕೆಡಿಸುವಂಥದ್ದು ಇರಬಹುದು. ಅದಕ್ಕಿಂತ ದೊಡ್ಡ ಅಪಾಯ ಅಂದರೆ, ಕಾರಣ ಲಸಿಕೆ ಅಂತ ನಂಬಿಕೊಂಡವನು ತನ್ನ ಬಿಪಿ ನೋಡಿಸಿಕೊಳ್ಳುವುದಿಲ್ಲ. ಅಣ್ಣ 41ಕ್ಕೆ ಹೋಗಿದ್ದಾನೆ ಅಂದರೆ ತಮ್ಮನಿಗೆ ಬೇರೆಯವರಿಗಿಂತ ಅಪಾಯ ಜಾಸ್ತಿ, ಐಸಿಎಂಆರ್ ಲೆಕ್ಕದಲ್ಲೂ ಅದೇ ಬಂದಿದೆ. ಬಿಪಿ, ಶುಗರ್, ಕೊಲೆಸ್ಟ್ರಾಲ್, ಒಂದು ಇಸಿಜಿ, ಇಷ್ಟನ್ನು ಈ ತಿಂಗಳೇ ಮಾಡಿಸಲಿ. ಇಸಿಜಿ ಸರಿ ಇದೆ ಅಂದ ಮಾತ್ರಕ್ಕೆ ಎಲ್ಲ ಸರಿ ಅಂತಲ್ಲ, ಅದನ್ನು ನೋಡಿ ಮುಂದೆ ಏನು ಬೇಕು ಅಂತ ಡಾಕ್ಟರು ಹೇಳುತ್ತಾರೆ. ಸಿಗರೇಟು, ತಂಬಾಕು ಇದ್ದರೆ ಬಿಡಲಿ. ನಿಮ್ಮ ಅಕ್ಕನ ಮಕ್ಕಳಿಗೂ ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ, ಕೆಲವು ಮನೆತನಗಳಲ್ಲಿ ಅದು ಚಿಕ್ಕಂದಿನಿಂದಲೇ ಜಾಸ್ತಿ ಇರುತ್ತದೆ.

ಮನೆಯವರೆಲ್ಲರಿಗೂ ಒಂದು ವಿಷಯ ಹೇಳಿಡಿ. ಎದೆ ಮಧ್ಯೆ ಭಾರ ಇಟ್ಟ ಹಾಗೆ ನೋವು, ಎಡಗೈಗೋ ದವಡೆಗೋ ಹರಿಯುವ ನೋವು, ಜೊತೆಗೆ ಬೆವರು ಬಂದರೆ ಗ್ಯಾಸ್ಟ್ರಿಕ್ ಅಂತ ಸೋಡಾ ಕುಡಿದು ಮಲಗಬೇಡಿ. ನಮ್ಮ ಹಳ್ಳಿಗಳಲ್ಲಿ ಹೀಗೆ ಮಲಗಿದವರು ಬಹಳ. 108ಕ್ಕೆ ಫೋನ್ ಮಾಡಿ, ಇಲ್ಲವೇ ಸಿಕ್ಕಿದ ಗಾಡಿಯಲ್ಲಿ ತಾಲ್ಲೂಕು ಆಸ್ಪತ್ರೆಗೆ ಹೋಗಿ. ಪುನೀತ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅಲ್ಲೇ ಇಸಿಜಿ ತೆಗೆದು, ಅದನ್ನು ದೊಡ್ಡ ಆಸ್ಪತ್ರೆಯ ಹೃದಯ ತಜ್ಞರಿಗೆ ಕಳಿಸಿ, ಬೇಕಾದರೆ ರಕ್ತದ ಗಡ್ಡೆ ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಅದು ರಾತ್ರಿ ಹೊತ್ತೂ ಇರುತ್ತಾ ಅಂತ ಈಗಲೇ ಒಮ್ಮೆ ಹೋಗಿ ವಿಚಾರಿಸಿಕೊಂಡು ಬನ್ನಿ, ತಮ್ಮನ ಇಸಿಜಿಗೆ ಹೇಗೂ ಹೋಗುತ್ತೀರಲ್ಲ.